ಕಿರುಬೆರಳಿನ ಉಗುರು

ತೊರವಿ ರಸ್ತೆಯ ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಅಯಸ್ಕಾಂತವನ್ನು ತಿರುಗಿಸಿ, ಅದಕ್ಕೆ ಕುಂಚದಂತೆ ಅಂಟಿದ ಕಬ್ಬಿಣದ ಪುಡಿಯಿಂದ ಉಜ್ಜಿ, ಕೃತಕ ಮೊಣಕಾಲಿನ ಲೋಹವನ್ನು ನುಣುಪು ಮಾಡುವುದನ್ನು ಕಲಿಸಿದವರು ಅವರೇ. ನುಣುಪು ಅಳೆಯುವ ಮೀಟರು ಸಾಕೆಂದರೂ ಅವರಿಗೆ ಸಾಕಾಗುತ್ತಿರಲಿಲ್ಲ. ಕಣ್ಣು ಮುಚ್ಚಿ ಲೋಹದ ಮೇಲೆ ಕಿರುಬೆರಳಿನ ಉಗುರು ಆಡಿಸಿ, "ಇನ್ನೊಂದ್ ಸುತ್ತ ತಿರುಗಲಿ ಬಿಡ್ರಿ. ಯಾರದೋ ಮೈಯಾಗ ಕೂಡೂದೈತಿ" ಎನ್ನುತ್ತಿದ್ದರು.

ಕಳೆದ ವರ್ಷ ಅವರದೇ ಮೊಣಕಾಲು ಬದಲಿಸಬೇಕಾಯಿತು. ಆಪರೇಶನ್ನಿನ ಹಿಂದಿನ ದಿನ ನಾನು ನೋಡಲು ಹೋದಾಗ ಡಾಕ್ಟರು, "ಏನರ ಅಂಜಿಕಿ ಐತೇನ್ರಿ?" ಎಂದು ಕೇಳುತ್ತಿದ್ದರು. ಮೇಷ್ಟ್ರು ಕಿರುಬೆರಳು ಚಾಚಿ, "ಒಳಗ ಇಡೂ ಮೊದ್ಲ ಒಮ್ಮೆ ನನ್ನ ಕೈಯಾಗ ಕೊಡ್ರಿ" ಎಂದರು.

"ಮುಟ್ಟಂಗಿಲ್ರಿ ಸರ, ನಂಜಾಗತೈತಿ" ಎಂದು ಡಾಕ್ಟರು ನಕ್ಕು ಹೋದರು.

ಮೇಷ್ಟ್ರು ಬೆರಳು ಮಡಚಿಕೊಂಡು ನನ್ನತ್ತ ತಿರುಗಿದರು. "ನನಗ ಹಾಕೂ ಮೊಣಕಾಲ ಉಜ್ಜಿದಾಂವಗ, ಇನ್ನೊಂದ್ ಸುತ್ತ ತಿರುಗಲಿ ಅನ್ನಾಂವ ಒಬ್ಬ ಇದ್ದಿದ್ರ ಸಾಕ ನೋಡಪಾ."