ಕಾಯಿ ಒಡೆಯುವವರೆಗೆ ಕುರಿ ಹತ್ತದ ಗುಡ್ಡ

ಬೆಳಗಿನ ಜಾವ ಬುರ್ಮಾಕಾನ್ ಕುದುರೆ ಏರಿ ಬೀದಿಗೆ ಬರುತ್ತಾಳೆ. ಒಂದೊಂದೇ ಮನೆಯ ಬಾಗಿಲು ತೆರೆದು ಕುರಿಗಳು ಅವಳ ಹಿಂದೆ ಸೇರುತ್ತವೆ. ತಲಾಸ್ ಕಣಿವೆಯ ನಮ್ಮ ಊರಿಗೆಲ್ಲ ಹಿಂಡು ಒಂದೇ. ಯಾರ ಕುರಿ ಯಾವುದೆಂದು ಬೆನ್ನಿಗೆ ಬಳಿದ ಬಣ್ಣ ಹೇಳುತ್ತದೆ. ಗಂಡ ತೀರಿಕೊಂಡ ಮೇಲೆ ಅವನ ಚಾಟಿ ಇವಳ ಕೈಗೆ ಬಂತು. ಹೆಂಗಸು ಹಿಂಡು ಕಾಯುವುದೇ ಎಂದು ಆಗ ನಕ್ಕವರ ಕುರಿಗಳೂ ಈಗ ಇದೇ ಹಿಂಡಿನಲ್ಲಿವೆ.

ಊರಾಚೆ ದಾರಿ ಎರಡಾಗುತ್ತದೆ. ಎಡಕ್ಕೆ ಕೆಂಪು ಗುಡ್ಡ. ವಸಂತದಲ್ಲಿ ಅಲ್ಲೆಲ್ಲ ಕಾಡು ಟುಲಿಪ್. ಬೂದು ಹಸಿರಿನ ಅಗಲ ಎಲೆ, ಅದರ ಮೇಲೆ ಮಸಿಬೆರಳು ಎಳೆದಂತೆ ನೇರಳೆ ಗೀರುಗಳು, ದಂಟಿಗೊಂದೇ ಕೆಂಪು ಹೂ. ಬಿಸಿಲಿಗೆ ಬಟ್ಟಲಾಗುತ್ತದೆ, ಮೋಡ ಕವಿದರೆ ಮುಚ್ಚಿಕೊಳ್ಳುತ್ತದೆ. ಈಗ ಎಸಳು ಉದುರಿ ಹಸಿರು ಕಾಯಿ ಮಾತ್ರ ನಿಂತಿದೆ. ಎಸಳು ಬಿದ್ದರೆ ಹೂವಿನ ಕೆಲಸ ಮುಗಿಯಿತೆಂಬುದು ಊರಿನವರ ಲೆಕ್ಕ.

ಬುರ್ಮಾಕಾನ್ ಕುದುರೆಯನ್ನು ಅಡ್ಡ ನಿಲ್ಲಿಸಿ, ಹಿಂಡನ್ನು ಬಲಕ್ಕೆ, ದೂರದ ಹೊಳೆದಂಡೆಗೆ ತಿರುಗಿಸುತ್ತಾಳೆ. ನೀಲಿ ಬಣ್ಣದ ಕುರಿಗಳ ಒಡೆಯ ತುರ್ದಾಲಿ ಇಂದು ಹಿಂದೆಯೇ ಬಂದಿದ್ದಾನೆ.

"ಅಕ್ಕಾ, ಹುಲ್ಲಿರೋದು ಅಲ್ಲಿ. ನೀನು ಕುರಿಗೆ ನಡಿಗೆ ಕಲಿಸ್ತಿದ್ದೀಯ. ನೋಡು ಇದರ ಹೊಟ್ಟೆ, ಚಪ್ಪಟೆ!"

"ನಿನ್ನ ಹೊಟ್ಟೇಲಿ ಒಂಚೂರು ಅದಕ್ಕೆ ಕೊಡು, ಸರಿಹೋಗುತ್ತೆ."

"ತಮಾಷೆ ಸಾಕು. ಹತ್ತಿಸ್ತೀಯೋ ಇಲ್ವೋ?"

"ಕಾಯಿ ಒಣಗಿ ಮೂರು ಹೋಳಾಗಿ ಒಡೀಲಿ. ಆಮೇಲೆ ನಾನೇ ಹತ್ತಿಸ್ತೀನಿ. ಆಗ ಬಿದ್ದ ಬೀಜಾನ ಗೊರಸೇ ಮಣ್ಣಿಗೆ ತುಳಿಯುತ್ತೆ. ಈಗ ಹೋದ್ರೆ ಕಾಯೇ ಹೊಟ್ಟೆ ಸೇರುತ್ತೆ."

"ಹಾಗಾದ್ರೆ ನನ್ನವು ನಿನ್ನ ಹಿಂಡಲ್ಲಿ ಬೇಡ. ಕೆಳಗಿನೂರಿನ ಕುರಿಗಾಹಿ ಹತ್ರ ಬಿಡ್ತೀನಿ."

ಅವನು ನೀಲಿ ಬೆನ್ನುಗಳನ್ನು ಬೇರೆ ಮಾಡಿ ಅಟ್ಟಿಕೊಂಡು ಹೋಗುತ್ತಾನೆ. ಹಿಂದುಳಿದ ಒಂದು ಮರಿಯನ್ನು ಬುರ್ಮಾಕಾನ್ ತಾನೇ ಓಡಿಸಿ ಅವನ ಕಡೆ ಸೇರಿಸುತ್ತಾಳೆ. ಇನ್ನೆರಡು ಮನೆಯವರು ಹೀಗೆಯೇ ಮಾಡಿದರೆ ಈ ಕೆಲಸ ಇರುವುದಿಲ್ಲ. ಅದು ಅವಳಿಗೂ ಗೊತ್ತು.

ಹೊಳೆದಂಡೆಯಲ್ಲಿ ರೊಟ್ಟಿ ಮುರಿದು, ಒಣಮೊಸರಿನ ಉಂಡೆ ಬಾಯಿಗಿಡುತ್ತಾಳೆ. ಬೀಜದಿಂದ ಎದ್ದ ಟುಲಿಪ್ ಗಿಡ ಹಲವು ವರ್ಷ ಒಂದೇ ಎಲೆಯಲ್ಲಿ ಕಳೆಯುತ್ತದೆ, ಗೆಡ್ಡೆ ಆಳಕ್ಕಿಳಿಯುತ್ತ ಹೋಗುತ್ತದೆ, ಹೂ ಅದಾದ ಮೇಲೆ.

ಜೊತೆಗೆ ಬಂದ ನಾನು ಕೇಳುತ್ತೇನೆ: ತುರ್ದಾಲಿ ಮರಳಿ ಬಂದರೆ?

"ಸೇರಿಸ್ಕೋತೀನಿ. ಕುರಿ ಏನು ತಪ್ಪು ಮಾಡಿದೆ?"

ಬರದೆ ಹೋದರೆ?

ಅವಳು ಗುಡ್ಡದತ್ತ ನೋಡುತ್ತಾಳೆ. "ಈ ವರ್ಷದ ಬೀಜ ಹೂ ಬಿಡೋ ಹೊತ್ತಿಗೆ ನನ್ನ ಮೊಣಕಾಲು ಅಲ್ಲಿಗೆ ಹತ್ತಲ್ಲ. ಮನೆ ಬಾಗಿಲಲ್ಲಿ ಕೂತ್ರೆ ಅಷ್ಟು ಕೆಂಪು ಕಾಣ್ಲಿ, ಸಾಕು."