ವ್ಯಾಂಕೂವರ್‌ಗೆ ಮೊದಲು ಹೊರಟ ಚೀಲ

ಗೆಳೆಯರೇ, ನಾಲ್ಕು ದಿನ ಸಮುದ್ರ, ಚೆರ್ರಿ ಹೂವು ನೋಡಿ ಬರೋಣವೆಂದು ಹಾಕಿದ್ದ ನಮ್ಮ ವ್ಯಾಂಕೂವರ್ ಪ್ಲಾನಿಗೆ ಮೈಸೂರಿನಿಂದ ಬಂದಿರುವ ಅತ್ತೆ ಇವತ್ತು ಬೆಳಿಗ್ಗೆ ಬ್ರೇಕ್ ಹಾಕಿದರು.

"ನಾಳೆ ಶನಿವಾರ, ಒಂಬತ್ತೂವರೆಗೆ ಮನೆ ಬಿಡೋದಾ? ರಾಹುಕಾಲ ಕಣಮ್ಮ!"

"ಟಿಕೆಟ್ ಚೇಂಜ್ ಮಾಡಕ್ಕಾಗಲ್ಲ ಅತ್ತೆ."

"ಹಾಗಾದ್ರೆ ಇವತ್ತೇ ಒಳ್ಳೇ ಹೊತ್ತಲ್ಲಿ ಒಂದು ಬ್ಯಾಗ್ ಪಕ್ಕದ್ಮನೇಲಿ ಇಟ್ಬಿಡು. ಹೊರಟ ಹಾಗೇ ಲೆಕ್ಕ."

ಪಕ್ಕದ ಮನೆಯ ಲಿಂಡಾಗೆ ನಾಚುತ್ತಲೇ ಎಲ್ಲ ವಿವರಿಸಿ ಚೀಲ ಕೊಟ್ಟು ಬಂದೆ. ಸಂಜೆ ಬಾಗಿಲು ತೆರೆದರೆ ಆಕೆಯೇ ಸೂಟ್‌ಕೇಸ್ ಹಿಡಿದು ನಿಂತಿದ್ದಾರೆ! ನಾಳೆ ಹತ್ತಕ್ಕೆ ಅವರೂ ಮಗಳ ಊರಿಗೆ ಹೊರಡುತ್ತಾರಂತೆ.

"ನೋಡಿದ್ಯಾ, ಅವರಿಗೆ ಒಂದೇ ಸಲಕ್ಕೆ ಅರ್ಥವಾಯ್ತು!" ಎಂದು ಅತ್ತೆ ಹಿಗ್ಗಿದರು.

ಈಗ ನಮ್ಮ ಚೀಲ ಅಲ್ಲಿ, ಅವರ ಸೂಟ್‌ಕೇಸ್ ಇಲ್ಲಿ. ಎರಡೂ ಮನೆಯವರು ಹೊರಟಾಗಿದೆ, ಅವುಗಳೊಳಗೇ ಸೇರಿಹೋದ ಹಲ್ಲುಜ್ಜುವ ಬ್ರಷ್ಷು ಮಾತ್ರ ಯಾರ ಬಳಿಯೂ ಇಲ್ಲ.