ಕರಡಿ ಏನೂ ಮಾಡಲಿಲ್ಲ

ಮಧುಗಿರಿಯ ನಮ್ಮ ಬೀದಿಗೆ ಬೇಸಿಗೆಯಲ್ಲಿ ಶಿರಾ ಕಡೆಯಿಂದ ಸಾಬರೊಬ್ಬರು ಕರಡಿ ತರುತ್ತಿದ್ದರು. ಬೆಚ್ಚಿಬೀಳುವ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸಿ ಮೂರು ಸುತ್ತು ಹಾಕಿಸಿದರೆ ಭಯ ಬಿಡುತ್ತದೆಂದು ಊರಿಗೆಲ್ಲ ನಂಬಿಕೆ. ನನ್ನ ನಾಲ್ಕು ವರ್ಷದ ತಂಗಿ ನಿದ್ದೆಯಲ್ಲಿ ಬೆಚ್ಚುತ್ತಿದ್ದಳು. ಎಚ್ಚರವಿದ್ದಾಗ ಮಾತ್ರ ಬೀದಿನಾಯಿಯ ಬಾಯಿಗೇ ಕೈ ಹಾಕುವಂಥವಳು.

ಹೆದರಿಕೆ ಇದ್ದದ್ದು ನನಗೆ. ಉಣ್ಣದಿದ್ದರೆ ಕರಡಿ ಹೊತ್ತೊಯ್ಯುತ್ತದೆ ಎಂದು ಒಂದೊಂದು ತುತ್ತಿಗೂ ಹೇಳಿಸಿಕೊಂಡು ಬೆಳೆದಿದ್ದೆ. ಆದರೆ ಆಗ ನಾನು ಬೆಂಗಳೂರಿನ ಕಾನ್ವೆಂಟಿನಿಂದ ಹಾಲಿಡೇಸ್‌ಗೆ ಬಂದ ಹತ್ತು ವರ್ಷದ ಯಂಗ್ ಲೇಡಿ. ಒಪ್ಪಿಕೊಳ್ಳುವುದುಂಟೇ?

“ನೀನು ಓದ್ದೋಳು ಕಣಮ್ಮ, ಅವಳ ಕೈ ಹಿಡ್ಕೊಂಡು ಪಕ್ಕದಲ್ಲೇ ನಡಿ,” ಎಂದರು ಅಜ್ಜಿ.

“ಅಯ್ಯೋ, ದೊರೆಸಾನಿ ಮುಖ ಆಗ್ಲೇ ಬಿಳುಚ್ಕೊಂಡೈತೆ!” ಕೆಲಸದಾಕೆ ನಕ್ಕಳು.

“ಐ ಆಮ್ ನಾಟ್ ಅಫ್ರೇಡ್,” ಎಂದೆ. ಯಾರಿಗೂ ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು.

“ಡರಬ್ಯಾಡ ಬೇಟಿ, ಇದ್ಕೆ ಹಲ್ಲೇ ಇಲ್ಲ,” ಎನ್ನುತ್ತಾ ಸಾಬರು ತಂಗಿಯನ್ನೆತ್ತಿ ಕೂರಿಸಿದರು. ಅವಳು ಕೂದಲು ಹಿಡಿದು “ಹೋಗು, ಹೋಗು!” ಎಂದು ಕೂಗಿದಳು. ಮೊದಲ ಸುತ್ತು ಮುಗಿಯಿತು. ಎರಡನೆಯದರಲ್ಲಿ ಕರಡಿ ನೊಣ ಓಡಿಸಲು ತಲೆ ಕೊಡವಿತು, ಅದರ ಒದ್ದೆ ಮೂಗು ನನ್ನ ಮೊಣಕೈಗೆ ತಗುಲಿತು, ಅಷ್ಟೇ. ನಾನು ಕಿಟಾರನೆ ಕಿರುಚಿ ಅವಳ ಕೈ ಬಿಟ್ಟೆ.

ತಂಗಿ ಕರಡಿಯನ್ನು ನೋಡಲಿಲ್ಲ. ನನ್ನ ಮುಖ ನೋಡಿದಳು. ನೋಡನೋಡುತ್ತಲೇ ಅವಳ ನಗು ನಿಂತಿತು, ತುಟಿ ಸೊಟ್ಟಗಾಯಿತು, ಆಮೇಲೆ ಬೀದಿಯೇ ಸೇರುವಂಥ ಅಳು.

“ಏನ್ ಮಾಡ್ಬುಡ್ತೋ ನಿನ್ ಕರಡಿ ಮಗೀಗೆ?” ಅಜ್ಜಿ ಗದರಿದರು.

“ಏನೂ ಮಾಡಿಲ್ಲ ಅಮ್ಮಾ, ಖುದಾ ಕಸಮ್.” ಸಾಬರು ನನ್ನತ್ತ ನೋಡಿದರು. ನಾನು ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳತೊಡಗಿದೆ. ಸಾಬರಿಗೆ ಕೊಡಲೆಂದು ಮೊರದಲ್ಲಿಟ್ಟಿದ್ದ ಅಕ್ಕಿ ಒಳಗೆ ಹೋಯಿತು. ಅವರು ಮತ್ತೆ ನಮ್ಮ ಬೀದಿಗೆ ಬರಲಿಲ್ಲ.

ಅಂದಿನಿಂದ ಕರಿ ಕಂಬಳಿ ಹೊದ್ದವರು ಬಂದರೂ ತಂಗಿ ಒಳಗೋಡುತ್ತಿದ್ದಳು. ಆಮೇಲೆ ನಾಯಿ, ಬೆಕ್ಕು, ಕೊನೆಗೆ ನಮ್ಮದೇ ಕರು ಕಂಡರೂ ಆಗದಂತಾಯಿತು. ಯಾರೂ ನನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಈಗ ಅವಳು ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಮಂಡಿಯ ಮೇಲಿನ ಗುರುತು ತೋರಿಸುತ್ತಾಳೆ. ಬಾವಿಕಟ್ಟೆಯಲ್ಲಿ ಜಾರಿ ಬಿದ್ದ ಗಾಯವದು. ಬಿದ್ದದ್ದನ್ನು ಕಣ್ಣಾರೆ ಕಂಡವಳು ನಾನು.

“ಕರಡಿ ಉಗುರು ನೆಟ್ಟಿದ್ದು ಇಲ್ಲೇ ಅಲ್ವೇನಕ್ಕಾ?”

ಚಿಕ್ಕ ಮೊಮ್ಮಗಳು ಕಾಲೆರಡನ್ನೂ ಸರಕ್ಕನೆ ಫ್ರಾಕಿನೊಳಗೆ ಎಳೆದುಕೊಳ್ಳುತ್ತಾಳೆ. ಈಗಲಾದರೂ ಹೇಳಿಬಿಡಬೇಕು ಎನ್ನಿಸುತ್ತದೆ.

“ನೆನಪಿಲ್ಲ ಕಣೇ,” ಎನ್ನುತ್ತೇನೆ.